ಹೋಮ್ ಥಿಯೇಟರ್‌ನಲ್ಲಿ ಸ್ಪೀಕರ್‌ಗಳನ್ನು ಎಲ್ಲಿಡಬೇಕು? ಪದೇ ಪದೇ ಕೇಳುವ ಪ್ರಶ್ನೆಗಳು

ಹೊಸ ಸ್ಪೀಕರ್‌ಗಳು ಬಂದ ದಿನ ಎಲ್ಲರ ಗಮನವೂ ಪೆಟ್ಟಿಗೆ ಬಿಚ್ಚುವುದರ ಮೇಲೆ, ತಂತಿ ಜೋಡಿಸುವುದರ ಮೇಲೆ. ಯಾವುದು ಎಲ್ಲಿರಬೇಕು ಎಂಬುದನ್ನು ಮಾತ್ರ ಮನೆಯ ಪೀಠೋಪಕರಣಗಳು ತೀರ್ಮಾನಿಸಿಬಿಡುತ್ತವೆ: ಎಲ್ಲಿ ಜಾಗ ಖಾಲಿ ಇದೆಯೋ ಅಲ್ಲೊಂದು ಸ್ಪೀಕರ್. ಆಮೇಲೆ ಮಾತು ಕೇಳಿಸುವುದಿಲ್ಲ, ಕೆಳಸ್ವರಗಳನ್ನಷ್ಟೇ ನುಡಿಸುವ ಸಬ್‌ವೂಫರ್ ಬರೀ ಗುಮ್ಮೆನ್ನುತ್ತದೆ, ಹಿಂದಿನ ಸ್ಪೀಕರ್‌ಗಳು ಕೆಲಸ ಮಾಡುತ್ತಿವೆಯೋ ಇಲ್ಲವೋ ತಿಳಿಯುವುದಿಲ್ಲ ಎಂಬ ದೂರುಗಳು ಶುರುವಾಗುತ್ತವೆ. ಇವುಗಳಲ್ಲಿ ಹೆಚ್ಚಿನವಕ್ಕೆ ಹೊಸ ಉಪಕರಣ ಬೇಕಿಲ್ಲ. ಒಂದು ಅಳತೆ ಟೇಪು, ಸೋಫಾ ಎಳೆಯಲು ಇನ್ನೊಬ್ಬರ ಕೈ, ಒಂದು ಬಿಡುವಿನ ಮಧ್ಯಾಹ್ನ ಸಾಕು.

ಮೊದಲು ಯಾವುದನ್ನು ನಿರ್ಧರಿಸಬೇಕು: ಟಿವಿಯ ಜಾಗವನ್ನೋ, ಸ್ಪೀಕರ್‌ಗಳ ಜಾಗವನ್ನೋ?

ಎರಡನ್ನೂ ಅಲ್ಲ, ನೀವು ಕುಳಿತುಕೊಳ್ಳುವ ಜಾಗವನ್ನು. ಹೋಮ್ ಥಿಯೇಟರ್‌ನ ಎಲ್ಲ ಕೋನಗಳನ್ನೂ ದೂರಗಳನ್ನೂ ಕೇಳುವವರ ತಲೆಯಿಂದ ಅಳೆಯುತ್ತಾರೆ. ಸೋಫಾ ಅರ್ಧ ಮೀಟರ್ ಸರಿದರೆ ಅಷ್ಟೂ ಸ್ಪೀಕರ್‌ಗಳ ಕೋನ ಒಮ್ಮೆಗೇ ಬದಲಾಗುತ್ತದೆ. ಸ್ಪೀಕರ್‌ಗಳನ್ನು ಗೋಡೆಗೆ ಮೊಳೆ ಹೊಡೆದು ಕೂರಿಸಿದ ಮೇಲೆ ಸೋಫಾದ ಜಾಗ ಯೋಚಿಸುವುದು ತಲೆಕೆಳಗಾದ ಕ್ರಮ.

ಸೋಫಾ ಹಿಂಗೋಡೆಗೆ ಅಂಟಿಕೊಂಡಿರಬಾರದು, ಕೋಣೆಯ ನಟ್ಟನಡುವೆಯೂ ಇರಬಾರದು. ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಸಾಗುತ್ತದೆ. ಆ ಲೆಕ್ಕದಲ್ಲಿ 34 ಹರ್ಟ್ಸ್ ಮಂದ್ರ ಸ್ವರದ ಒಂದು ಅಲೆಯ ಉದ್ದ 10 ಮೀಟರ್. ನಿಮ್ಮ ಕೋಣೆ 5 ಮೀಟರ್ ಉದ್ದವಿದ್ದರೆ ಅದರಲ್ಲಿ ಆ ಅಲೆಯ ಅರ್ಧಭಾಗ ಸರಿಯಾಗಿ ಹಿಡಿಯುತ್ತದೆ. ಎರಡು ಗೋಡೆಗಳ ನಡುವೆ ಅಲೆ ಹೋಗಿ ಬಂದು ತನ್ನ ಮೇಲೆ ತಾನೇ ಬಿದ್ದು ನಿಶ್ಚಲ ಅಲೆಯಾಗುತ್ತದೆ: ಗೋಡೆಗಳ ಬಳಿ ಒತ್ತಡ ಗರಿಷ್ಠ, ನಡುವೆ ಹೆಚ್ಚುಕಡಿಮೆ ಸೊನ್ನೆ. ಹಿಂಗೋಡೆಗೆ ಒರಗಿ ಕುಳಿತವರಿಗೆ ಆ ಸ್ವರ ಮಿತಿಮೀರಿ ಕೇಳಿಸುತ್ತದೆ, ನಡುವೆ ಕುಳಿತವರಿಗೆ ಕೇಳಿಸುವುದೇ ಇಲ್ಲ. 4 ಮೀಟರ್ ಕೋಣೆಯಲ್ಲಿ ಇದು 43 ಹರ್ಟ್ಸ್‌ನಲ್ಲಿ ಆಗುತ್ತದೆ, 3 ಮೀಟರ್ ಕೋಣೆಯಲ್ಲಿ 57ರಲ್ಲಿ.

ಕೋಣೆಯ ಉದ್ದದ ಶೇಕಡ 38ರಷ್ಟನ್ನು ಹಿಂಗೋಡೆಯಿಂದಲೋ ಮುಂಗೋಡೆಯಿಂದಲೋ ಅಳೆದು ಅಲ್ಲಿ ತಲೆ ಬರುವಂತೆ ಕೂರಬೇಕು ಎಂಬ ಸೂತ್ರ ಬಹಳ ಪ್ರಚಾರದಲ್ಲಿದೆ. ಹುಡುಕಾಟ ಶುರುಮಾಡಲು ಅದು ಒಳ್ಳೆಯ ಜಾಗ, ಅಷ್ಟೇ. ಆಯತಾಕಾರದ, ಎಲ್ಲ ಕಡೆ ಮುಚ್ಚಿದ ಕೋಣೆಯ ಲೆಕ್ಕವದು. ನಿಮ್ಮ ಕೋಣೆಗೆ ಬಾಗಿಲು, ಕಿಟಕಿ, ಪಕ್ಕದಲ್ಲೊಂದು ಊಟದ ಜಾಗ ಇರುತ್ತದೆ.

ನನ್ನ ಸೋಫಾ ಗೋಡೆಗೆ ಒರಗಿಯೇ ಇರಬೇಕು, ಬೇರೆ ದಾರಿಯಿಲ್ಲ. ಏನು ಮಾಡಲಿ?

ಸಿನಿಮಾ ನೋಡುವ ಹೊತ್ತಿಗಾದರೂ ಮುಂದಕ್ಕೆ ಎಳೆಯಲು ಸಾಧ್ಯವೇ ನೋಡಿ. 40–50 ಸೆಂಟಿಮೀಟರ್ ಸಿಕ್ಕರೂ ವ್ಯತ್ಯಾಸ ಗೊತ್ತಾಗುತ್ತದೆ. ಅದೂ ಆಗದಿದ್ದರೆ ತಲೆಯ ಹಿಂದಿನ ಗೋಡೆಗೆ ದಪ್ಪನೆಯ ಶಬ್ದ ಹೀರುವ ಫಲಕ ಹಾಕಿ. ಅದರಿಂದ ಮಂದ್ರದ ಗುಮ್ಮು ತಗ್ಗುವುದಿಲ್ಲ, ಆದರೆ ಕಿವಿಯ ಹಿಂದಿನಿಂದಲೇ ಬಡಿಯುವ ಪ್ರತಿಫಲನ ಕಡಿಮೆಯಾಗಿ ಮಾತು ತಿಳಿಯಾಗುತ್ತದೆ. ಪಕ್ಕದ, ಹಿಂದಿನ ಶಬ್ದ ಕೊಡುವ ಸರೌಂಡ್ ಸ್ಪೀಕರ್‌ಗಳನ್ನು ತೀರ ಪಕ್ಕಕ್ಕೆ, ಅಂದರೆ ಮೂಗಿನ ನೇರ ಗೆರೆಯಿಂದ 90 ಡಿಗ್ರಿಗೆ ಇಡಿ. ಕಿವಿಯ ಮಟ್ಟಕ್ಕಿಂತ ಸ್ವಲ್ಪ ಮೇಲಿದ್ದರೂ ಪರವಾಗಿಲ್ಲ. 7.1ರ (ಏಳು ಸ್ಪೀಕರ್, ಒಂದು ಸಬ್‌ವೂಫರ್) ಆಸೆಯನ್ನು ಬಿಟ್ಟುಬಿಡಿ, ತಲೆಯ ಹಿಂದೆ ಜಾಗವೇ ಇಲ್ಲದ ಮೇಲೆ ಹಿಂದಿನ ಸ್ಪೀಕರ್‌ಗಳು ಎಲ್ಲಿಗೆ ಹೋಗಬೇಕು?

ಮುಂದಿನ ಎಡ ಮತ್ತು ಬಲ ಸ್ಪೀಕರ್‌ಗಳ ನಡುವೆ ಎಷ್ಟು ಅಂತರ ಬೇಕು?

ಕೇಳುವವರ ಮೂಗಿನ ನೇರ ಗೆರೆಯನ್ನು ಸೊನ್ನೆ ಎಂದುಕೊಂಡರೆ, ಎರಡೂ ಪಕ್ಕಕ್ಕೆ 22ರಿಂದ 30 ಡಿಗ್ರಿ. ಇದು ಸಿನಿಮಾ ಶಬ್ದ ತಂತ್ರಜ್ಞಾನದ ಸಂಸ್ಥೆ ಡಾಲ್ಬಿ ಹೇಳುವ ಮಿತಿ. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಬಿಎಸ್.775 ಶಿಫಾರಸು, ಅಂದರೆ ಸ್ಟುಡಿಯೋಗಳು ಅನುಸರಿಸುವ ಕ್ರಮ, ನೇರವಾಗಿ 30 ಡಿಗ್ರಿ ಎನ್ನುತ್ತದೆ.

ಕೋನಮಾಪಕ ಬೇಡ. 30 ಡಿಗ್ರಿ ಎಂದರೆ ಸಮಬಾಹು ತ್ರಿಭುಜ: ಎಡ ಸ್ಪೀಕರ್‌ನಿಂದ ಬಲ ಸ್ಪೀಕರ್‌ಗೆ ಎಷ್ಟು ದೂರವೋ ಪ್ರತಿ ಸ್ಪೀಕರ್‌ನಿಂದ ನಿಮ್ಮ ತಲೆಗೂ ಅಷ್ಟೇ. 22 ಡಿಗ್ರಿಗಾದರೆ ಸ್ಪೀಕರ್‌ಗಳ ಸಾಲಿನಿಂದ ನಿಮಗಿರುವ ನೇರ ದೂರದ ಹತ್ತರಲ್ಲಿ ಎಂಟು ಪಾಲು ಅಂತರ. ಮೂರು ಮೀಟರ್ ದೂರ ಕುಳಿತರೆ ಸುಮಾರು 2.4 ಮೀಟರ್.

ಪರದೆ ದೊಡ್ಡದಾಗಿ ಸ್ಪೀಕರ್‌ಗಳು ಅದರ ಅಂಚಿನ ಪಕ್ಕದಲ್ಲೇ ಇದ್ದರೆ 22ರ ಕಡೆಗೆ ವಾಲಿ, ಸಂಗೀತವನ್ನೂ ಹೆಚ್ಚು ಕೇಳುವವರಾದರೆ 30ರ ಕಡೆಗೆ. ಕೋನಕ್ಕಿಂತ ಮುಖ್ಯವಾದದ್ದು ಸಮಾನತೆ. ಎಡ ಸ್ಪೀಕರ್ ಮೂಲೆಯಲ್ಲಿ ಸಿಕ್ಕಿಕೊಂಡು, ಬಲ ಸ್ಪೀಕರ್ ಬಾಗಿಲ ಪಕ್ಕ ತೆರೆದ ಜಾಗದಲ್ಲಿದ್ದರೆ ಎರಡರ ದನಿಯೂ ಬೇರೆ ಬೇರೆಯಾಗಿ ಕೇಳಿಸುತ್ತದೆ. ಅವು ಒಂದೇ ಕಾರ್ಖಾನೆಯ ಜೋಡಿ ಎಂಬುದು ಕೋಣೆಗೆ ಲೆಕ್ಕಕ್ಕಿಲ್ಲ.

ಅವುಗಳನ್ನು ನನ್ನ ಕಡೆಗೆ ತಿರುಗಿಸಬೇಕೇ?

ಹೆಚ್ಚಿನವನ್ನು ಸ್ವಲ್ಪ ತಿರುಗಿಸಬೇಕು. ಸ್ಪೀಕರ್‌ನೊಳಗಿನ ಚಿಕ್ಕ ಘಟಕವಾದ ಟ್ವೀಟರ್‌ನಿಂದ ಹೊರಡುವ ಎತ್ತರದ ಸ್ವರಗಳು ಕಿರಿದಾದ ದಿಕ್ಕಿನಲ್ಲಿ ಸಾಗುತ್ತವೆ, ಪಕ್ಕಕ್ಕೆ ಹೋದಂತೆ ಮಂಕಾಗುತ್ತವೆ. ಮೊದಲು ಎರಡೂ ನೇರ ನಿಮ್ಮನ್ನು ನೋಡುವಂತೆ ಇಟ್ಟು ಪರಿಚಿತ ದನಿಯೊಂದನ್ನು ಕೇಳಿ. ಸ, ಶ ಅಕ್ಷರಗಳು ಚುಚ್ಚಿದರೆ ಸ್ವಲ್ಪ ಹೊರಕ್ಕೆ ತಿರುಗಿಸಿ. ಕೆಲವು ಸ್ಪೀಕರ್‌ಗಳನ್ನು ನೇರ ಮುಂದಕ್ಕೆ ನೋಡುವಂತಿಡಲೆಂದೇ ವಿನ್ಯಾಸ ಮಾಡಿರುತ್ತಾರೆ, ಕೈಪಿಡಿ ಓದಿ. ಇದು ರುಚಿಯ ವಿಷಯ, ತಕರಾರು ಬೇಡ.

ಗೋಡೆಯಿಂದ ಎಷ್ಟು ದೂರ ಇಡಬೇಕು? ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ.

ಒಬ್ಬೊಬ್ಬರ ಕೋಣೆಯಲ್ಲಿ ಒಂದೊಂದು ಸರಿಯಾಗುವುದರಿಂದ. ಕೆಳಸ್ವರಗಳು ಸ್ಪೀಕರ್‌ನ ಮುಂದಕ್ಕೆ ಮಾತ್ರ ಹೋಗುವುದಿಲ್ಲ, ಸುತ್ತಲೂ ಹರಡುತ್ತವೆ. ಹಿಂದಕ್ಕೆ ಹೋದದ್ದು ಗೋಡೆಗೆ ಬಡಿದು ಮರಳಿ ಬರುತ್ತದೆ. ಗೋಡೆಯ ದೂರ ಅಲೆಯುದ್ದದ ಕಾಲು ಭಾಗದಷ್ಟಿದ್ದರೆ, ಮರಳಿ ಬಂದ ಅಲೆ ಅರ್ಧ ಸುತ್ತು ಹಿಂದೆ ಬಿದ್ದು ಮುಂದೆ ಹೊರಟ ಅಲೆಯನ್ನು ಅಳಿಸುತ್ತದೆ. ಸ್ಪೀಕರ್‌ನ ಮುಖ ಗೋಡೆಯಿಂದ 1 ಮೀಟರ್ ಇದ್ದರೆ ಸುಮಾರು 86 ಹರ್ಟ್ಸ್‌ನಲ್ಲಿ ಹಳ್ಳ, 60 ಸೆಂಟಿಮೀಟರ್ ಇದ್ದರೆ 143ರಲ್ಲಿ, 20 ಸೆಂಟಿಮೀಟರ್ ಇದ್ದರೆ 430ರ ಸುಮಾರಿನಲ್ಲಿ.

ಈ ಲೆಕ್ಕದಿಂದ ಹೊರಡುವ ತೀರ್ಮಾನ ಹಲವರಿಗೆ ಅಚ್ಚರಿ ತರುತ್ತದೆ. ಸಬ್‌ವೂಫರ್ ಇರುವ ವ್ಯವಸ್ಥೆಯಲ್ಲಿ ಮುಂದಿನ ಸ್ಪೀಕರ್‌ಗಳನ್ನು ಗೋಡೆಗೆ ಹತ್ತಿರವಿಟ್ಟರೆ ತಪ್ಪೇನಿಲ್ಲ, ಎಷ್ಟೋ ಸಲ ಅದೇ ಮೇಲು. ಹಳ್ಳ ಮೇಲಿನ ಸ್ವರಗಳಿಗೆ ಸರಿಯುತ್ತದೆ, ಅಲ್ಲಿ ಅದನ್ನು ಸಾಮಾನ್ಯ ದಪ್ಪದ ಫಲಕದಿಂದಲೂ ಪಳಗಿಸಬಹುದು. ಹಳ್ಳವನ್ನು 80 ಹರ್ಟ್ಸ್‌ಗಿಂತ ಕೆಳಕ್ಕೆ, ಅಂದರೆ ಸಬ್‌ವೂಫರ್‌ನ ಪಾಲಿಗೆ ತಳ್ಳಬೇಕಾದರೆ 1.1 ಮೀಟರ್‌ಗಿಂತ ಹೆಚ್ಚು ಎಳೆಯಬೇಕು, ಅಷ್ಟು ಜಾಗ ಯಾರ ಮನೆಯಲ್ಲಿದೆ? ಎರಡರ ನಡುವಿನ ಅರ್ಧ ಮೀಟರ್ ಅಂತರವೇ ತೊಂದರೆಯದು. ಎಲ್ಲರೂ ಇಡುವುದೂ ಅಲ್ಲೇ.

ಹಿಂಬದಿಯಲ್ಲಿ ಗಾಳಿರಂಧ್ರವಿರುವ ಸ್ಪೀಕರ್‌ಗಳನ್ನು ತೀರ ಒತ್ತಬೇಡಿ, ಕೈ ಹೋಗುವಷ್ಟಾದರೂ ಜಾಗ ಬಿಡಿ. ಜೊತೆಗೆ ಕೊಟ್ಟ ಸ್ಪಂಜಿನ ಬಿರಡೆ ಇದ್ದರೆ ರಂಧ್ರಕ್ಕೆ ತುರುಕಿ ಕೇಳಿ ನೋಡಿ.

ಪಾತ್ರಗಳ ಮಾತು ಸ್ಪಷ್ಟವಾಗಿ ಕೇಳಿಸುವುದಿಲ್ಲ. ಸೆಂಟರ್ ಸ್ಪೀಕರ್ ಬದಲಾಯಿಸಬೇಕೇ?

ಮೊದಲು ಅದರ ಜಾಗ ಬದಲಾಯಿಸಿ. ಸಿನಿಮಾದ ಮಾತುಗಳ ಬಹುಪಾಲು ಪರದೆಯ ನಡುವಿಗೆ ಇಡುವ ಈ ಒಂದೇ ಸ್ಪೀಕರ್‌ನಿಂದ ಬರುತ್ತದೆ, ಆದರೂ ಎಲ್ಲಕ್ಕಿಂತ ಕೆಟ್ಟ ಜಾಗ ಸಿಗುವುದು ಇದಕ್ಕೇ: ಟಿವಿ ಸ್ಟ್ಯಾಂಡಿನ ಕೆಳಖಾನೆ, ಸುತ್ತ ಹಲಗೆ, ಮುಂದೆ ಗಾಜಿನ ಬಾಗಿಲು, ಮೊಣಕಾಲಿನ ಎತ್ತರ.

ಮಾಡಬೇಕಾದದ್ದು ಇಷ್ಟು. ಸ್ಪೀಕರ್‌ನ ಮುಖ ಹಲಗೆಯ ಅಂಚಿಗೆ ಸರಿಯಾಗಿ, ಸಾಧ್ಯವಾದರೆ ಒಂದು ಬೆರಳು ಮುಂದೆ ಇರಲಿ. ಒಳಗೆ ತಳ್ಳಿದರೆ ಹಲಗೆಯಿಂದ ಚಿಮ್ಮಿದ ಪ್ರತಿಫಲನ ಮಾತಿಗೆ ಬೆರೆತು ಡಬ್ಬಿಯೊಳಗಿಂದ ಮಾತಾಡಿದಂತೆ ಕೇಳಿಸುತ್ತದೆ. ಕಿವಿಯ ಮಟ್ಟಕ್ಕಿಂತ ಕೆಳಗಿದ್ದರೆ ಮುಂಭಾಗದ ಅಡಿಗೆ ರಬ್ಬರ್ ತುಂಡು ಕೊಟ್ಟು ಟ್ವೀಟರ್ ನಿಮ್ಮ ಮುಖ ನೋಡುವಂತೆ ಮೇಲಕ್ಕೆ ಓಲಿಸಿ. ಟಿವಿಯ ಮೇಲೆ ಇಟ್ಟಿದ್ದರೆ ಹಿಂಭಾಗವನ್ನೆತ್ತಿ ಕೆಳಕ್ಕೆ ಓಲಿಸಿ. ಎರಡು ಪೈಸೆಯ ಕೆಲಸ, ಆದರೆ ಇಡೀ ಪುಟದಲ್ಲಿ ಒಂದೇ ಒಂದನ್ನು ಮಾಡುವುದಾದರೆ ಇದನ್ನು ಮಾಡಿ ಎನ್ನುತ್ತೇನೆ.

ಇನ್ನೊಂದು ತೊಡಕಿದೆ. ಅಡ್ಡ ಮಲಗಿಸಿದ ಸೆಂಟರ್ ಸ್ಪೀಕರ್‌ಗಳಲ್ಲಿ ಟ್ವೀಟರ್‌ನ ಎರಡೂ ಪಕ್ಕಕ್ಕೆ ಕೆಳ ಮತ್ತು ನಡುಸ್ವರಗಳ ಒಂದೊಂದು ವೂಫರ್ ಇರುತ್ತದೆ. ನೇರ ಮುಂದೆ ಕುಳಿತವರಿಗೆ ಎರಡರ ಶಬ್ದವೂ ಒಟ್ಟಿಗೆ ತಲುಪುತ್ತದೆ. ಸೋಫಾದ ತುದಿಯಲ್ಲಿ ಕುಳಿತವರಿಗೆ ಒಂದು ಮೊದಲು, ಒಂದು ಆಮೇಲೆ ತಲುಪಿ, ಮಾತಿನ ಸ್ಪಷ್ಟತೆಗೆ ಬೇಕಾದ ನಡುಸ್ವರಗಳಲ್ಲೇ ಕೆಲವು ಅಳಿಸಿಹೋಗುತ್ತವೆ. ತುದಿಯವರು ಮಾತ್ರ ‘ಏನಂದ?’ ಎಂದು ಕೇಳುತ್ತಿದ್ದರೆ ದೋಷ ಅವರ ಕಿವಿಯದ್ದಲ್ಲ. ಟ್ವೀಟರ್‌ನ ಕೆಳಗೊಂದು ನಡುಸ್ವರದ ಪುಟ್ಟ ಸ್ಪೀಕರ್ ನಿಲ್ಲಿಸಿದ ಮೂರು ವಿಭಾಗಗಳ ಮಾದರಿಯಲ್ಲಿ ಈ ತೊಂದರೆ ಬಹಳ ಕಡಿಮೆ.

ಸೆಂಟರ್ ಇಲ್ಲದೆಯೇ ನಡೆಸಬಹುದೇ?

ಒಬ್ಬರೇ, ನಟ್ಟನಡುವೆ ಕುಳಿತು ನೋಡುವುದಾದರೆ ಖಂಡಿತ. ಎಡ ಬಲ ಎರಡರಿಂದಲೂ ಸಮನಾಗಿ ಬಂದ ದನಿ ನಡುವಿನಿಂದ ಬಂದಂತೆಯೇ ಕೇಳಿಸುತ್ತದೆ. ಎಲ್ಲ ಸ್ಪೀಕರ್‌ಗಳಿಗೂ ಶಬ್ದ ಹಂಚುವ ಪೆಟ್ಟಿಗೆಯಾದ ರಿಸೀವರ್‌ನಲ್ಲಿ ಸೆಂಟರ್ ಇಲ್ಲ ಎಂದು ಗುರುತು ಮಾಡಿ, ಅದು ಮಾತನ್ನು ಎರಡಕ್ಕೂ ಹಂಚುತ್ತದೆ. ಪಕ್ಕಕ್ಕೆ ಕುಳಿತವರಿಗೆ ಮಾತ್ರ ಇಡೀ ಸಂಭಾಷಣೆ ಹತ್ತಿರದ ಸ್ಪೀಕರ್‌ಗೆ ಜಾರಿಹೋಗುತ್ತದೆ. ಈ ಸಮಸ್ಯೆ ಹೊಸದಲ್ಲ. 1933ರಲ್ಲಿ ಬೆಲ್ ಪ್ರಯೋಗಾಲಯದವರು ಫಿಲಡೆಲ್ಫಿಯಾದಲ್ಲಿ ನುಡಿಸುತ್ತಿದ್ದ ವಾದ್ಯವೃಂದವನ್ನು ವಾಷಿಂಗ್ಟನ್‌ನ ಸಭಾಂಗಣದಲ್ಲಿ ಕೂತವರಿಗೆ ತಂತಿಯ ಮೂಲಕ ಕೇಳಿಸಿದಾಗ ಎರಡಲ್ಲ, ಮೂರು ವಾಹಿನಿಗಳನ್ನು ಬಳಸಿದ್ದರು: ಎಡ, ನಡು, ಬಲ.

ಸರೌಂಡ್ ಸ್ಪೀಕರ್‌ಗಳನ್ನು ಹಿಂದಿನ ಎರಡು ಮೂಲೆಗಳಲ್ಲಿ ಹಾಕಿದ್ದೇನೆ. ಸರಿಯೇ?

5.1 ವ್ಯವಸ್ಥೆಯಾದರೆ (ಐದು ಸ್ಪೀಕರ್, ಒಂದು ಸಬ್‌ವೂಫರ್) ಸರಿಯಲ್ಲ, ಮತ್ತು ಅತಿ ಹೆಚ್ಚು ಮನೆಗಳಲ್ಲಿ ಕಾಣುವ ತಪ್ಪೂ ಇದೇ. 5.1ರಲ್ಲಿ ಸರೌಂಡ್‌ಗಳ ಜಾಗ ಪಕ್ಕದಲ್ಲಿ, ಕಿವಿಗಿಂತ ತುಸು ಹಿಂದೆ: ಮುಂದಿನ ಗೆರೆಯಿಂದ 100ರಿಂದ 120 ಡಿಗ್ರಿ. ಕೈಗಳನ್ನು ಪಕ್ಕಕ್ಕೆ ನೇರ ಚಾಚಿದರೆ 90 ಡಿಗ್ರಿ, ಅಲ್ಲಿಂದ ಒಂದಿಷ್ಟು ಹಿಂದಕ್ಕೆ ಸರಿಸಿದರೆ ಸರಿಯಾದ ದಿಕ್ಕು ಸಿಗುತ್ತದೆ. ಹಿಂದಿನ ಮೂಲೆಗೆ ಹೋದರೆ ಮುಂದಿನ ಮತ್ತು ಹಿಂದಿನ ಶಬ್ದಗಳ ನಡುವೆ ದೊಡ್ಡ ಬಿರುಕು ಬೀಳುತ್ತದೆ. ಎಡಗಡೆಯಿಂದ ಹಾದುಹೋಗುವ ವಾಹನ ಪರದೆಯ ಅಂಚಿನಲ್ಲಿ ಮಾಯವಾಗಿ ಬೆನ್ನ ಹಿಂದೆ ಪ್ರತ್ಯಕ್ಷವಾಗುತ್ತದೆ.

7.1ರಲ್ಲಿ ಎರಡು ಜೋಡಿಗಳಿರುತ್ತವೆ: ಪಕ್ಕದ್ದು 90ರಿಂದ 110 ಡಿಗ್ರಿ, ಹಿಂದಿನದು 135ರಿಂದ 150. ಹಿಂದಿನ ಜೋಡಿಯನ್ನು ಒಂದಕ್ಕೊಂದು ಅಂಟಿಸಿದಂತೆ ಇಡಬೇಡಿ.

ಎತ್ತರದ ವಿಷಯದಲ್ಲಿ ಹಳೆಯ ಸಲಹೆ ಮತ್ತು ಹೊಸ ಸಲಹೆ ಬೇರೆ. ಹಿಂದೆ ಕಿವಿಗಿಂತ ಎರಡು ಮೂರು ಅಡಿ ಮೇಲೆ ಎನ್ನುತ್ತಿದ್ದರು, ಶಬ್ದ ಚದುರಿ ಕೇಳಿಸಲಿ ಎಂದು. ಚಾವಣಿಯಲ್ಲೂ ಸ್ಪೀಕರ್ ಬರುವ ಅಟ್ಮಾಸ್ ವ್ಯವಸ್ಥೆಯಲ್ಲಿ ಸರೌಂಡ್‌ಗಳು ಕಿವಿಯ ಮಟ್ಟದ ಹತ್ತಿರವೇ ಇರಬೇಕು, ಇಲ್ಲದಿದ್ದರೆ ಮೇಲಿನದಕ್ಕೂ ಪಕ್ಕದ್ದಕ್ಕೂ ವ್ಯತ್ಯಾಸವೇ ಉಳಿಯುವುದಿಲ್ಲ. ಸೋಫಾದ ಬೆನ್ನು ಅಥವಾ ಪಕ್ಕದವರ ತಲೆ ಅಡ್ಡ ಬರದಷ್ಟು ಮಾತ್ರ ಎತ್ತರಿಸಿ.

ಒಂದು ಪಕ್ಕಕ್ಕೆ ಗೋಡೆಯೇ ಇಲ್ಲ, ಅಡುಗೆಮನೆಗೆ ತೆರೆದಿದೆ. ಅಲ್ಲಿ ಸರೌಂಡ್ ಹೇಗೆ?

ಸ್ಟ್ಯಾಂಡಿನ ಮೇಲೆ ಇಡಿ, ಅಥವಾ ಚಾವಣಿಯಿಂದ ಕೊಂಡಿ ಹಾಕಿ ಇಳಿಬಿಡಿ. ಎರಡೂ ಕಡೆಯ ಕೋನ ಒಂದೇ ಇರಲಿ, ದೂರ ಹೆಚ್ಚುಕಡಿಮೆಯಾದರೆ ಅದನ್ನು ರಿಸೀವರ್ ಸರಿದೂಗಿಸುತ್ತದೆ. ಇರುವ ಗೋಡೆಯ ಕಡೆಯ ಶಬ್ದ ಹೆಚ್ಚು ದಟ್ಟವಾಗಿ ಕೇಳಿಸಿದರೆ ಆ ಗೋಡೆಗೆ ಪರದೆ ಇಳಿಬಿಟ್ಟರೆ ಸಮತೋಲ ಬರುತ್ತದೆ.

ಚಿಕ್ಕ ಕೋಣೆಗೆ 5.1 ಸಾಕೇ, 7.1 ಬೇಕೇ?

ತಲೆಯಿಂದ ಹಿಂಗೋಡೆಗೆ ಒಂದೂವರೆ ಮೀಟರ್ ಇಲ್ಲದಿದ್ದರೆ 5.1. ಸರಿಯಾಗಿ ಕೂರಿಸಿದ ಐದು, ಹೇಗೋ ತುರುಕಿದ ಏಳಕ್ಕಿಂತ ಚೆನ್ನಾಗಿರುತ್ತವೆ.

ಸಬ್‌ವೂಫರ್ ಎಲ್ಲಿಟ್ಟರೂ ನಡೆಯುತ್ತದೆ ಎನ್ನುತ್ತಾರಲ್ಲ?

ದಿಕ್ಕಿನ ಮಟ್ಟಿಗೆ ಅದು ನಿಜ. 80 ಹರ್ಟ್ಸ್‌ನ ಅಲೆ ಸುಮಾರು 4.3 ಮೀಟರ್ ಉದ್ದ. ಅಷ್ಟು ಉದ್ದದ ಅಲೆ ಯಾವ ಕಡೆಯಿಂದ ಬಂತೆಂದು ಕೋಣೆಯೊಳಗೆ ನಮ್ಮ ಕಿವಿಗಳು ಗುರುತಿಸಲಾರವು. ಆದರೆ ಎಷ್ಟು ಕೇಳಿಸುತ್ತದೆ, ಯಾವ ಸ್ವರ ಉಬ್ಬುತ್ತದೆ, ಯಾವುದು ನಾಪತ್ತೆಯಾಗುತ್ತದೆ ಎಂಬುದೆಲ್ಲ ಜಾಗದ ಮೇಲೆಯೇ ನಿಂತಿದೆ. ಉಳಿದ ಯಾವ ಸ್ಪೀಕರ್‌ಗಿಂತಲೂ ಇದರ ಜಾಗ ಹೆಚ್ಚು ಪೆಡಸು.

ಮೂಲೆಯಲ್ಲಿಟ್ಟರೆ ಶಬ್ದ ಜೋರಾಗುತ್ತದೆ. ಹರಡಲು ಜಾಗ ಕಡಿಮೆಯಾದಷ್ಟೂ ಒತ್ತಡ ಹೆಚ್ಚುವುದರಿಂದ, ಕಾಗದದ ಲೆಕ್ಕದಲ್ಲಿ ಪಕ್ಕಕ್ಕೆ ಬಂದ ಪ್ರತಿಯೊಂದು ಗೋಡೆಯೂ 6 ಡೆಸಿಬೆಲ್‌ವರೆಗೆ ಕೂಡಿಸುತ್ತದೆ. ನಿಜದಲ್ಲಿ ಸ್ವಲ್ಪ ಕಡಿಮೆ. ಚಿಕ್ಕ ಸಬ್‌ವೂಫರ್‌ಗೆ ಇದು ಪುಕ್ಕಟೆ ಬಲ. ಆದರೆ ಕೋಣೆಯ ನಿಶ್ಚಲ ಅಲೆಗಳೆಲ್ಲವೂ ಮೂಲೆಯಲ್ಲೇ ಗರಿಷ್ಠವಾಗಿರುವುದರಿಂದ ಅಲ್ಲಿಟ್ಟ ಸಬ್‌ವೂಫರ್ ಅವೆಲ್ಲವನ್ನೂ ಒಟ್ಟಿಗೆ ಕೆರಳಿಸುತ್ತದೆ. ಸ್ಫೋಟಕ್ಕೂ ಲಾರಿಯ ಎಂಜಿನ್‌ಗೂ ಒಂದೇ ಗುಮ್ಮು.

ಒಳ್ಳೆಯ ಜಾಗ ಹುಡುಕುವ ಹಳೆಯ ಉಪಾಯ ಈಗಲೂ ಎಲ್ಲಕ್ಕಿಂತ ಸುಲಭ. ಸಬ್‌ವೂಫರನ್ನು ಎತ್ತಿ ನೀವು ಕೂರುವ ಜಾಗದಲ್ಲೇ ಇಡಿ, ಸೋಫಾದ ಮೇಲಾದರೂ ಸರಿ. ಏರಿಳಿಯುವ ಮಂದ್ರ ಸ್ವರಗಳಿರುವ ಸಂಗೀತ ಹಾಕಿ. ಒಂದೇ ಸ್ವರದ ಢಮಢಮ ಬೇಡ. ಈಗ ಸಬ್‌ವೂಫರ್ ಇಡಲು ಸಾಧ್ಯವಿರುವ ಗೋಡೆಯ ಬದಿಗಳಲ್ಲೆಲ್ಲ ಮಂಡಿಯೂರಿ, ನೆಲದ ಹತ್ತಿರ ಕಿವಿಯಿಟ್ಟು ಕೇಳುತ್ತಾ ಹೋಗಿ. ಒಂದೆಡೆ ಗುಮ್ಮೆನ್ನುತ್ತದೆ, ಒಂದೆಡೆ ಬರಿದಾಗುತ್ತದೆ, ಒಂದೆಡೆ ಪ್ರತಿ ಸ್ವರವೂ ಬಿಡಿಯಾಗಿ, ಸಮನಾಗಿ ಕೇಳಿಸುತ್ತದೆ. ಅಲ್ಲಿ ಗುರುತು ಹಾಕಿ, ಸಬ್‌ವೂಫರನ್ನು ತಂದಿಡಿ. ಮೂಲವನ್ನೂ ಕೇಳುಗನನ್ನೂ ಅದಲುಬದಲು ಮಾಡಿದರೂ ನಡುವಿನ ಶಬ್ದದ ದಾರಿ ಒಂದೇ ಆಗಿರುವುದರಿಂದ ಈ ಉಪಾಯ ಫಲಿಸುತ್ತದೆ. ಮನೆಯವರು ಹೊರಗೆ ಹೋದಾಗ ಮಾಡುವುದು ಮರ್ಯಾದೆಗೆ ಕ್ಷೇಮ.

ದೊಡ್ಡದೊಂದು ಸಬ್‌ವೂಫರ್ ಒಳ್ಳೆಯದೋ, ಚಿಕ್ಕವೆರಡೋ?

ಒಂದಕ್ಕಿಂತ ಹೆಚ್ಚು ಜನ ಕೂತು ನೋಡುವ ಮನೆಯಾದರೆ ಎರಡು, ಮತ್ತು ಎರಡೂ ಒಂದೇ ಮಾದರಿಯವು. ಎರಡನ್ನು ಅಕ್ಕಪಕ್ಕ ಇಟ್ಟರೆ ಶಬ್ದ ಹೆಚ್ಚುತ್ತದೆಯೇ ಹೊರತು ಸಮನಾಗುವುದಿಲ್ಲ. ಎದುರುಬದುರು ಗೋಡೆಗಳ ಮಧ್ಯದಲ್ಲಿ ಒಂದೊಂದನ್ನು ಇಡಿ. ಕೋಣೆಯ ಉದ್ದಕ್ಕೆ ಹುಟ್ಟುವ ಮೊದಲ ನಿಶ್ಚಲ ಅಲೆಯಲ್ಲಿ ಒಂದು ತುದಿಯ ಒತ್ತಡ ಏರುವಾಗ ಇನ್ನೊಂದು ತುದಿಯದು ಇಳಿಯುತ್ತದೆ. ಎರಡೂ ತುದಿಗಳಲ್ಲಿ ಒಂದೇ ತಾಳದಲ್ಲಿ ದುಡಿಯುವ ಸಬ್‌ವೂಫರ್‌ಗಳು ಆ ಅಲೆಗೆ ಹುಟ್ಟಲು ಬಿಡುವುದಿಲ್ಲ. ಧ್ವನಿ ಉಪಕರಣ ತಯಾರಿಸುವ ಹರ್ಮನ್ ಸಂಸ್ಥೆಯ ಟಾಡ್ ವೆಲ್ಟಿ ಆಯತಾಕಾರದ ಕೋಣೆಗಳನ್ನು ಅಧ್ಯಯನ ಮಾಡಿ 2002ರಲ್ಲಿ ಮಂಡಿಸಿದ ಫಲಿತಾಂಶವೂ ಇದೇ ದಿಕ್ಕಿನದು: ಎರಡು ಎದುರುಗೋಡೆಗಳ ಮಧ್ಯದಲ್ಲಿ, ಅಥವಾ ನಾಲ್ಕು, ನಾಲ್ಕಕ್ಕಿಂತ ಹೆಚ್ಚಿಸಿ ದೊಡ್ಡ ಲಾಭವಿಲ್ಲ.

ಕ್ರಾಸ್‌ಓವರ್ ಎಷ್ಟಿಡಲಿ?

ಕ್ರಾಸ್‌ಓವರ್ ಎಂದರೆ ಯಾವ ಸ್ವರಕ್ಕಿಂತ ಕೆಳಗಿನದನ್ನು ಸಬ್‌ವೂಫರ್‌ಗೆ ಒಪ್ಪಿಸಬೇಕೆಂಬ ಗಡಿ. 80 ಹರ್ಟ್ಸ್‌ನಿಂದ ಶುರುಮಾಡಿ. ಸಿನಿಮಾ ಶಬ್ದದ ಗುಣಮಟ್ಟಕ್ಕೆ ಪ್ರಮಾಣಪತ್ರ ಕೊಡುವ ಟಿಎಚ್‌ಎಕ್ಸ್ ಸಂಸ್ಥೆ ಬಹುಕಾಲದಿಂದ ಬಳಸುತ್ತಿರುವ ಅಂಕಿಯದು. ಅಂಗೈಯಗಲದ ಚಿಕ್ಕ ಸ್ಪೀಕರ್‌ಗಳಿದ್ದರೆ 100 ಅಥವಾ 120ಕ್ಕೆ ಏರಿಸಿ. 100 ದಾಟಿದ ಮೇಲೆ ಶಬ್ದದ ದಿಕ್ಕು ಗೊತ್ತಾಗತೊಡಗುತ್ತದೆ, ಹಾಗಾಗಿ ಸಬ್‌ವೂಫರ್ ಪರದೆಯ ಬದಿಯಲ್ಲೇ ಇರಲಿ. ಸ್ಪೀಕರ್ ಎಷ್ಟೇ ಎತ್ತರದ ಗೋಪುರವಾಗಿದ್ದರೂ ರಿಸೀವರ್‌ನಲ್ಲಿ ‘ಸ್ಮಾಲ್’ ಎಂದೇ ಆರಿಸಿ, ಇದರಲ್ಲಿ ಅವಮಾನವೇನಿಲ್ಲ. ಕೆಳಸ್ವರದ ಹೊರೆ ಇಳಿದಾಗ ಅದು ಉಳಿದದ್ದನ್ನು ಚೆನ್ನಾಗಿ ನುಡಿಸುತ್ತದೆ.

ಅಟ್ಮಾಸ್‌ಗೆ ಚಾವಣಿಯ ಸ್ಪೀಕರ್‌ಗಳು ಎಲ್ಲಿರಬೇಕು?

ಎರಡೇ ಇದ್ದರೆ (5.1.2) ತಲೆಯ ಮೇಲೆ ಅಥವಾ ಒಂದಿಷ್ಟು ಮುಂದೆ: ಮುಂದಿನ ದಿಗಂತದಿಂದ ಮೇಲಕ್ಕೆ ಅಳೆದರೆ 65ರಿಂದ 100 ಡಿಗ್ರಿ. ನಾಲ್ಕಿದ್ದರೆ (5.1.4) ಮುಂದಿನ ಜೋಡಿ 30ರಿಂದ 55, ಹಿಂದಿನದು 125ರಿಂದ 150. ಸಾಲಿನಲ್ಲಿ ಮುಂದಿನ ಎಡ ಬಲ ಸ್ಪೀಕರ್‌ಗಳ ನೇರಕ್ಕೆ ಬರಲಿ.

ಇಲ್ಲೂ ಟೇಪು ಸಾಕು. 45 ಡಿಗ್ರಿ ಬೇಕೆಂದರೆ, ಕಿವಿಯಿಂದ ಚಾವಣಿಗೆ ಎಷ್ಟು ಎತ್ತರವೋ ತಲೆಯಿಂದ ಅಷ್ಟೇ ದೂರ ಮುಂದಕ್ಕೆ ಅಳೆಯಿರಿ. ಚಾವಣಿ 3 ಮೀಟರ್, ಕುಳಿತಾಗ ಕಿವಿ 1 ಮೀಟರ್ ಎತ್ತರ ಎಂದಾದರೆ ತಲೆಯಿಂದ 2 ಮೀಟರ್ ಮುಂದೆ ಒಂದು ಜೋಡಿ, 2 ಮೀಟರ್ ಹಿಂದೆ ಇನ್ನೊಂದು. ಕೋಣೆಯ ನಾಲ್ಕು ಮೂಲೆಗಳಿಗೆ ದೀಪ ಹಾಕಿದಂತೆ ಸ್ಪೀಕರ್ ಹಾಕುವುದು ನೋಡಲು ಅಂದ, ಕೇಳಲು ಅಲ್ಲ.

ಚಾವಣಿ ಕೊರೆಯುವ ಮುನ್ನ ಏಣಿ ಹತ್ತಿ ಆ ಜಾಗದಲ್ಲಿ ತೊಲೆಯೋ ವಿದ್ಯುತ್ ಕೊಳವೆಯೋ ಇಲ್ಲವೆಂದು ಖಚಿತಪಡಿಸಿಕೊಳ್ಳಿ.

ಮೇಲ್ಮುಖ ಸ್ಪೀಕರ್‌ಗಳು ನಿಜಕ್ಕೂ ಕೆಲಸ ಮಾಡುತ್ತವೆಯೇ?

ಚಾವಣಿ ಚಪ್ಪಟೆಯಾಗಿ, ಗಟ್ಟಿಯಾಗಿ, ಸುಮಾರು 2.3ರಿಂದ 3.7 ಮೀಟರ್ ಎತ್ತರದಲ್ಲಿದ್ದರೆ ಒಂದು ಮಟ್ಟಿಗೆ. ಶಬ್ದ ಮೇಲೆ ಬಡಿದು ನಿಮ್ಮ ಮೇಲೆ ಬೀಳಬೇಕು, ಇಳಿಜಾರು ಚಾವಣಿ ಅದನ್ನು ಬೇರೆಲ್ಲಿಗೋ ಕಳಿಸುತ್ತದೆ, ಶಬ್ದ ಹೀರುವ ಹಲಗೆಗಳ ಚಾವಣಿ ನುಂಗಿಬಿಡುತ್ತದೆ. ಅವು ನಿಮ್ಮ ಕಿವಿಯ ಎತ್ತರದಲ್ಲಿ ಅಥವಾ ತುಸು ಮೇಲೆ ಇರಲಿ. ಕೆಳಗಿದ್ದರೆ ನೇರ ಸೋರುವ ಶಬ್ದ ಮೊದಲು ತಲುಪಿ ಭ್ರಮೆ ಒಡೆಯುತ್ತದೆ. ಮಳೆ, ಗಾಳಿಯಂಥ ಹರಡಿದ ಸದ್ದು ಚೆನ್ನಾಗಿ ಬರುತ್ತದೆ, ತಲೆಯ ಮೇಲೆ ಒಂದು ನಿರ್ದಿಷ್ಟ ಬಿಂದುವಿನಲ್ಲಿ ಹೆಲಿಕಾಪ್ಟರ್ ನಿಲ್ಲಿಸಬೇಕೆಂದರೆ ಚಾವಣಿಯ ಸ್ಪೀಕರ್‌ಗಳೇ ಬೇಕು.

ರಿಸೀವರ್ ಜೊತೆ ಬಂದ ಮೈಕ್ ಎಲ್ಲವನ್ನೂ ತಾನೇ ಹೊಂದಿಸುತ್ತದಲ್ಲ, ಜಾಗದ ಗೋಜು ಯಾಕೆ?

ಅದು ಹೊಂದಿಸುವುದು ಮೂರನ್ನು: ಶಬ್ದ ತಲುಪುವ ಸಮಯ, ಮಟ್ಟ ಮತ್ತು ಸ್ವರಗಳ ಏರುಪೇರು. ಪಕ್ಕದಲ್ಲಿರಬೇಕಾದ ಸ್ಪೀಕರ್ ಹಿಂದಿನ ಮೂಲೆಯಲ್ಲಿದ್ದರೆ ಅದನ್ನು ಪಕ್ಕಕ್ಕೆ ತರುವ ಶಕ್ತಿ ಅದಕ್ಕಿಲ್ಲ. ನಿಶ್ಚಲ ಅಲೆಯ ಹಳ್ಳವನ್ನು ತುಂಬಲೂ ಆಗದು. ಎಷ್ಟು ಶಬ್ದ ಸುರಿದರೂ ಪ್ರತಿಫಲನವೂ ಅಷ್ಟೇ ಹೆಚ್ಚಿ ಅಳಿಸಿಹಾಕುತ್ತದೆ, ಆಂಪ್ಲಿಫೈಯರ್ ಸುಮ್ಮನೆ ದಣಿಯುತ್ತದೆ. ಉಬ್ಬನ್ನು ತಗ್ಗಿಸುವುದು ಮಾತ್ರ ಅದಕ್ಕೆ ಚೆನ್ನಾಗಿ ಬರುತ್ತದೆ. ಆದ್ದರಿಂದ ಮೊದಲು ಜಾಗ, ಆಮೇಲೆ ಮೈಕ್.

ಅಳೆಯುವಾಗ ಮೈಕನ್ನು ಕೈಯಲ್ಲಿ ಹಿಡಿಯಬೇಡಿ, ಸೋಫಾದ ಬೆನ್ನಿನ ಮೇಲೂ ಇಡಬೇಡಿ. ಕ್ಯಾಮೆರಾದ ಮುಕ್ಕಾಲಿಯ ಮೇಲೆ, ನಿಮ್ಮ ಕಿವಿ ಇರುವ ಎತ್ತರದಲ್ಲಿ ನಿಲ್ಲಿಸಿ. ಫ್ಯಾನ್, ಎಸಿ ಆರಿಸಿ. ಮುಗಿದ ಮೇಲೆ ಅದು ಬರೆದುಕೊಂಡ ದೂರಗಳನ್ನೊಮ್ಮೆ ನೋಡಿ.

ಸಬ್‌ವೂಫರ್ ಮೂರು ಮೀಟರ್ ದೂರದಲ್ಲಿದೆ, ರಿಸೀವರ್ ಐದು ಮೀಟರ್ ಎನ್ನುತ್ತದೆ. ಕೆಟ್ಟಿದೆಯೇ?

ಇಲ್ಲ. ರಿಸೀವರ್ ಅಳೆಯುವುದು ಸಮಯವನ್ನು, ತೋರಿಸುವುದು ದೂರವನ್ನು. ಸಬ್‌ವೂಫರ್‌ನೊಳಗಿನ ಸರ್ಕ್ಯೂಟ್‌ಗಳು ಶಬ್ದವನ್ನು ಕೆಲವು ಮಿಲಿಸೆಕೆಂಡ್ ತಡಮಾಡುತ್ತವೆ, ಒಂದು ಮಿಲಿಸೆಕೆಂಡ್ ಎಂದರೆ 34 ಸೆಂಟಿಮೀಟರ್. ಆ ಅಂಕಿಯನ್ನು ಟೇಪಿನ ಅಳತೆಗೆ ತಿದ್ದಲು ಹೋಗಬೇಡಿ. ಆದರೆ ಎಡ ಬಲ ಸ್ಪೀಕರ್‌ಗಳ ದೂರ ಟೇಪಿಗಿಂತ ಬಹಳ ಬೇರೆ ತೋರಿಸಿದರೆ ಮಾತ್ರ ಏನೋ ಎಡವಟ್ಟಾಗಿದೆ, ಮತ್ತೆ ಅಳೆಯಿರಿ.

ಗೋಡೆಗಳಿಗೆ ಏನಾದರೂ ಹಾಕಬೇಕೇ?

ಕೋಣೆಯ ನಡುವೆ ನಿಂತು ಜೋರಾಗಿ ಚಪ್ಪಾಳೆ ತಟ್ಟಿ. ಟರ್ರೆಂಬ ಲೋಹದ ಸದ್ದು ಹಿಂಬಾಲಿಸಿದರೆ ಎರಡು ಬರಿಗೋಡೆಗಳು ಎದುರುಬದುರು ನಿಂತು ಶಬ್ದವನ್ನು ಎಸೆದಾಡುತ್ತಿವೆ ಎಂದರ್ಥ. ಒಂದು ಗೋಡೆಗೆ ಪುಸ್ತಕದ ಕಪಾಟು, ದಪ್ಪ ಪರದೆ, ಏನಾದರೂ ಬರಲಿ. ಪಕ್ಕದ ಗೋಡೆಗಳಲ್ಲಿ ಎಲ್ಲಿ ಫಲಕ ಹಾಕಬೇಕೆಂದು ಕನ್ನಡಿ ಹೇಳುತ್ತದೆ: ನೀವು ಕುಳಿತಿರಿ, ಇನ್ನೊಬ್ಬರು ಗೋಡೆಯುದ್ದಕ್ಕೂ ಕನ್ನಡಿ ಸರಿಸಲಿ. ಯಾವ ಜಾಗದಲ್ಲಿ ಮುಂದಿನ ಸ್ಪೀಕರ್ ನಿಮಗೆ ಕನ್ನಡಿಯಲ್ಲಿ ಕಾಣುತ್ತದೋ ಮೊದಲ ಪ್ರತಿಫಲನ ಅಲ್ಲಿಂದಲೇ ಬರುತ್ತದೆ. ಮುಂದಿನ ಸ್ಪೀಕರ್‌ಗಳಿಗೂ ಸೋಫಾಕ್ಕೂ ನಡುವಿನ ನೆಲಕ್ಕೆ ಒಂದು ಜಮಖಾನ. ತೆಳು ಸ್ಪಂಜಿನ ಹಾಳೆಗಳಿಂದ ಇಡೀ ಕೋಣೆ ಮುಚ್ಚಬೇಡಿ, ಎತ್ತರದ ಸ್ವರ ಸತ್ತು, ಗುಮ್ಮು ಹಾಗೆಯೇ ಉಳಿಯುತ್ತದೆ.

ಸೋಫಾದ ತುದಿಯಲ್ಲಿ ಕುಳಿತವರಿಗೆ ಒಂದು ಸರೌಂಡ್ ಕಿವಿಗೇ ಕೂಗುತ್ತದೆ.

ಒಂದು ಸ್ಪೀಕರ್‌ಗೆ 1 ಮೀಟರ್, ಇನ್ನೊಂದಕ್ಕೆ 3 ಮೀಟರ್ ದೂರದಲ್ಲಿದ್ದರೆ ಬಯಲಿನ ಲೆಕ್ಕದಲ್ಲಿ ಸುಮಾರು 9.5 ಡೆಸಿಬೆಲ್ ವ್ಯತ್ಯಾಸ. ಜೊತೆಗೆ ಮೊದಲು ತಲುಪಿದ ಶಬ್ದವೇ ದಿಕ್ಕನ್ನು ನಿರ್ಧರಿಸುತ್ತದೆ. 1949ರಲ್ಲಿ ಜರ್ಮನ್ ವಿಜ್ಞಾನಿ ಹೆಲ್ಮುಟ್ ಹಾಸ್ ಇದನ್ನು ವಿವರವಾಗಿ ಅಳೆದರು. ಸ್ಪೀಕರನ್ನು ಕಿವಿಯ ಮಟ್ಟಕ್ಕಿಂತ ಒಂದಡಿ ಎತ್ತರಿಸಿ, ಹತ್ತಿರದವರ ಕಡೆಗಲ್ಲದೆ ದೂರದ ತುದಿಯವರ ಕಡೆಗೆ ತಿರುಗಿಸಿ. ಹತ್ತಿರದವರಿಗೆ ಅದರ ಓರೆ ಮುಖ ಸಿಗುವುದರಿಂದ ತೀಕ್ಷ್ಣತೆ ತಗ್ಗುತ್ತದೆ.

ಎಲ್ಲ ಸರಿ ಇಟ್ಟರೂ ಶಬ್ದ ಪೊಳ್ಳಾಗಿದೆ, ನಡುವೆ ಏನೂ ನಿಲ್ಲುವುದಿಲ್ಲ.

ತಂತಿ ನೋಡಿ. ಒಂದು ಸ್ಪೀಕರ್‌ನ ಕೆಂಪು, ಕಪ್ಪು ತುದಿಗಳು ಅದಲುಬದಲಾಗಿರುವ ಸಾಧ್ಯತೆ ಹೆಚ್ಚು. ಒಂದರ ಕೋನ್ ಮುಂದೆ ಬರುವಾಗ ಇನ್ನೊಂದರದು ಹಿಂದೆ ಹೋಗುತ್ತದೆ, ಕೆಳಸ್ವರಗಳು ಒಂದನ್ನೊಂದು ತಿನ್ನುತ್ತವೆ.

ಸರಿಯಾಗಿ ಕೂತಿದೆ ಎಂದು ತಿಳಿಯುವುದು ಹೇಗೆ?

ರಿಸೀವರ್‌ನ ಪರೀಕ್ಷಾ ಸದ್ದನ್ನು ಪ್ರತಿ ಸ್ಪೀಕರ್‌ಗೂ ಒಂದೊಂದಾಗಿ ಕಳಿಸಿ, ಕಣ್ಣು ಮುಚ್ಚಿ, ಬಂದ ದಿಕ್ಕಿಗೆ ಬೆರಳು ತೋರಿಸಿ. ಬೆರಳು ಮತ್ತು ಸ್ಪೀಕರ್ ಒಂದೇ ಕಡೆ ಇರಬೇಕು. ಮೊಬೈಲ್‌ನ ಶಬ್ದಮಾಪಕ ಆ್ಯಪ್ ಹಿಡಿದರೆ ಎಲ್ಲವೂ ಒಂದೇ ಮಟ್ಟ ತೋರಿಸಬೇಕು. ಆ್ಯಪ್‌ನ ಅಂಕಿ ಕರಾರುವಾಕ್ಕಾಗಿ ಇರದಿದ್ದರೂ ಹೋಲಿಕೆಗೆ ಸಾಕು. ಮನೆಯ ವ್ಯವಸ್ಥೆಗಳಲ್ಲಿ ಸಾಮಾನ್ಯವಾಗಿ 75 ಡೆಸಿಬೆಲ್‌ಗೆ ಹೊಂದಿಸುತ್ತಾರೆ.

ಆಮೇಲೆ ಸ್ಟೀರಿಯೊದಲ್ಲಿ ಒಬ್ಬರೇ ಓದುವ ವಾರ್ತೆಯನ್ನು ಹಾಕಿ: ದನಿ ಎರಡು ಸ್ಪೀಕರ್‌ಗಳ ಸರಿಯಾದ ನಡುವಿನಿಂದ ಬರಬೇಕು. ಎಡಕ್ಕೋ ಬಲಕ್ಕೋ ವಾಲಿದರೆ ಒಂದು ಸ್ಪೀಕರ್ ಹತ್ತಿರವಿದೆ ಅಥವಾ ಹೆಚ್ಚು ತಿರುಗಿದೆ. ಕೊನೆಗೆ ಚೆನ್ನಾಗಿ ಪರಿಚಯವಿರುವ ಸಿನಿಮಾದ ದೃಶ್ಯವೊಂದನ್ನು ಸೆಂಟರ್‌ನ ಮಟ್ಟ ಮುಟ್ಟದೆ ನೋಡಿ. ಅಬ್ಬರದ ದೃಶ್ಯಕ್ಕೆ ದನಿ ತಗ್ಗಿಸಲು, ಮಾತಿನ ದೃಶ್ಯಕ್ಕೆ ಏರಿಸಲು ಪದೇ ಪದೇ ರಿಮೋಟ್ ಕೈಗೆತ್ತಿಕೊಳ್ಳುತ್ತಿದ್ದರೆ ಸೆಂಟರ್ ಮತ್ತು ಸಬ್‌ವೂಫರ್‌ಗಳ ಜಾಗವನ್ನೇ ಇನ್ನೊಮ್ಮೆ ನೋಡಬೇಕು. ಸರಿಹೋದಾಗ ನೆಲದ ಮೇಲೆ ಪ್ರತಿ ಸ್ಟ್ಯಾಂಡಿನ ಕಾಲಿನ ಬಳಿ ಕಾಗದದ ಟೇಪಿನಿಂದ ಗುರುತು ಹಾಕಿಡಿ. ಗುಡಿಸಿ ಒರೆಸುವಾಗ ಅವು ಸರಿದೇ ಸರಿಯುತ್ತವೆ.